ದೊಡ್ಡಪ್ಪನ ಶಂಟಿಂಗ್ ಇಂಜಿನ್ನು

ಆಗ ನಮ್ಮ ರಾಮದುರ್ಗಕ್ಕೆ ರೈಲು ಇರಲಿಲ್ಲ. ಈಗಲೂ ಇಲ್ಲ. ಸವದತ್ತಿಗೂ ಬೈಲಹೊಂಗಲಕ್ಕೂ ಇರಲಿಲ್ಲ. 'ಬರತೈತಿ' ಅನ್ನುವ ಮಾತೊಂದು ಮಾತ್ರ ನಾನು ಹುಟ್ಟುವ ಮೊದಲಿನಿಂದಲೂ ಪೇಟೆಯ ಕಟ್ಟೆಗಳ ಮೇಲೆ ಓಡಾಡಿಕೊಂಡಿತ್ತು. ಅದಕ್ಕೋ ಏನೋ, ತೊಂಬತ್ತರ ದಶಕದ ನಮ್ಮ ಓಣಿಯ ಮಕ್ಕಳು ರೈಲಿನ ಆಟ ಆಡಿದಷ್ಟು ಬೇರೆ ಯಾವ ಆಟವನ್ನೂ ಆಡಲಿಲ್ಲ. ಮುಂದಿನವಳ ಲಂಗದ ಚುಂಗು ಹಿಡಿದು, 'ಕೂ' ಎನ್ನುತ್ತ, ಹನುಮಪ್ಪನ ಗುಡಿ ಸುತ್ತಿ, ಹಿಟ್ಟಿನ ಗಿರಣಿಯ ಮುಂದೆ ಹಾಯ್ದು ಬರುತ್ತಿದ್ದೆವು. ಇಂಜಿನ್ನು ಯಾವಾಗಲೂ ನಾನೇ. ಯಾಕೆಂದರೆ ಹುಬ್ಬಳ್ಳಿಯಲ್ಲಿ ನಮ್ಮ ದೊಡ್ಡಪ್ಪ ರೈಲು ಇಂಜಿನ್ ನಡೆಸುತ್ತಿದ್ದರು. ಕೊನೆಯ ಡಬ್ಬಿ ನನ್ನ ತಂಗಿ ಕಸ್ತೂರಿ. ಅವಳಿಗಿನ್ನೂ ನಾಲ್ಕು ವರ್ಷ. ನಮ್ಮ ಓಟಕ್ಕೆ ಸರಿಸಮ ಬರಲಾರದೆ ಬಿದ್ದು, ಎದ್ದು, "ನಿಂದರ್ಸಕ್ಕಾ, ನಿಂದರ್ಸ" ಎಂದು ಅಳುತ್ತ ಹಿಂದೆ ಬರುತ್ತಿದ್ದಳು.

ದೊಡ್ಡಪ್ಪ ಅಂದರೆ ಅವ್ವನ ಅಕ್ಕನ ಗಂಡ. ಅವರಿಬ್ಬರಿಗೆ ಮಕ್ಕಳಿರಲಿಲ್ಲ. ಪ್ರತಿವರ್ಷ ಪಂಚಮಿಗೆ ಇಬ್ಬರೂ ನಮ್ಮ ಮನೆಗೆ ಬರುತ್ತಿದ್ದರು. ಮುರಗೋಡದ ತವರಿನಲ್ಲಿ ಅವ್ವ ಮೂರು ವರ್ಷದವಳಿದ್ದಾಗಲೇ ನಮ್ಮ ಅಜ್ಜಿ ತೀರಿಕೊಂಡಿದ್ದರಂತೆ. ಹನ್ನೆರಡರ ಹುಡುಗಿ ದೊಡ್ಡವ್ವ, ಅವ್ವನನ್ನು ಬಗಲಲ್ಲಿ ಹೊತ್ತುಕೊಂಡೇ ರೊಟ್ಟಿ ಬಡಿದು, ನೀರು ತಂದು, ಬೆಳೆಸಿದ್ದಳು. ತವರಿನಲ್ಲಿ ಈಗ ಯಾರೂ ಉಳಿದಿರಲಿಲ್ಲ. ಹಾಗಾಗಿ ತಂಗಿಯ ಮನೆಯೇ ದೊಡ್ಡವ್ವನಿಗೆ ತವರಾಗಿತ್ತು. ಅವಳು ಬಂದ ದಿನ ನಮ್ಮ ಮನೆಯಲ್ಲಿ ಶೇಂಗಾ ಹುರಿಯುವ ವಾಸನೆ, ಬೆಲ್ಲದ ಪಾಕದ ವಾಸನೆ, ಎಳ್ಳುಂಡಿ, ತಂಬಿಟ್ಟಿನ ಉಂಡಿ. ಆ ಎಲ್ಲದರ ನಡುವೆ ದೊಡ್ಡಪ್ಪನ ಅಂಗಿಯಿಂದ ಬರುವ ಡೀಸೆಲ್ಲಿನ ವಾಸನೆ. ಎಷ್ಟು ಒಗೆದರೂ ಅದು ಹೋಗುತ್ತಿರಲಿಲ್ಲ. ನಾನು ಅವರ ಮಗ್ಗುಲಲ್ಲಿ ಕೂತು ಮೂಗೆಳೆದು ಮೂಸುತ್ತಿದ್ದೆ. ಆ ವಾಸನೆ ಮುಂಬೈಯಿಂದ, ಡೆಲ್ಲಿಯಿಂದ ಬಂದದ್ದೆಂದು ನನ್ನ ಲೆಕ್ಕ.

ನಾಲ್ಕನೆಯ ಇಯತ್ತೆಯ ಪರೀಕ್ಷೆ ಮುಗಿದ ಬೇಸಿಗೆಯಲ್ಲಿ ಅಪ್ಪ ನನ್ನನ್ನು ಹುಬ್ಬಳ್ಳಿಗೆ ಕರೆದುಕೊಂಡು ಹೋದ. ಸೂಟಿಗೆ, ಬೇಸಿಗೆಯ ರಜೆಗೆ ಅಂತ ಹೇಳಿದ್ದರು. ಅವ್ವ ಬಸುರಿ, ಏಳು ತಿಂಗಳು ತುಂಬಿತ್ತು. ದೊಡ್ಡಕ್ಕ ಮನೆಗೆಲಸಕ್ಕೆ ಬೇಕು, ಕಸ್ತೂರಿ ತೀರ ಸಣ್ಣವಳು, ಹಾಗಾಗಿ ನಾನು ಎಂದು ತಿಳಿದುಕೊಂಡೆ. ಹೊರಡುವ ದಿನ ಅವ್ವ ನನ್ನ ತಲೆ ಬಾಚಿದ್ದೇ ಬಾಚಿದ್ದು. ಹೆಣೆದ ಜಡೆಯನ್ನು ಬಿಚ್ಚಿ ಮತ್ತೆ ಹೆಣೆದಳು. ಚೀಲದಲ್ಲಿ ನನ್ನ ಬಟ್ಟೆಯನ್ನೆಲ್ಲ ತುಂಬಿದಳು, ಥಂಡಿಯ ಸ್ವೆಟರನ್ನೂ.

"ಬ್ಯಾಸಗಿಯೊಳಗ ಸ್ವೆಟರ್ ಯಾಕಬೇ?" ಎಂದೆ.

"ಇರವಲ್ದ್ಯಾಕ" ಎಂದಳು. ನನ್ನ ಮುಖ ನೋಡಲಿಲ್ಲ.

ಸವದತ್ತಿಯಲ್ಲಿ ಬಸ್ಸು ಬದಲಿಸಿ, ಧಾರವಾಡದಲ್ಲಿ ಮತ್ತೊಮ್ಮೆ ಬದಲಿಸಿ, ಹುಬ್ಬಳ್ಳಿ ಮುಟ್ಟುವ ಹೊತ್ತಿಗೆ ಸಂಜೆ. ರೈಲ್ವೆ ಕ್ವಾರ್ಟರ್ಸಿನ ಸಾಲುಮನೆಗಳಲ್ಲಿ ದೊಡ್ಡವ್ವನದು ಕೊನೆಯದು. ಹಿತ್ತಲಲ್ಲಿ ಬೇವಿನ ಮರ, ಅದರಾಚೆ ಕಂಪೌಂಡು, ಕಂಪೌಂಡಿನಾಚೆ ಯಾರ್ಡು. ಬಟ್ಟೆ ಒಗೆಯುವ ಕಲ್ಲಿನ ಮೇಲೆ ಹತ್ತಿ ನಿಂತರೆ ಕಣ್ಣು ಹಾಯುವವರೆಗೂ ಹಳಿಗಳೇ. ಸಣ್ಣ ಹಳಿ ಕಿತ್ತು ದೊಡ್ಡ ಹಳಿ ಹಾಕಿ ಹೆಚ್ಚು ವರ್ಷವಾಗಿರಲಿಲ್ಲ. ಹೊಸ ಜಲ್ಲಿ ಬಿಸಿಲಿಗೆ ಕಣ್ಣು ಕುಕ್ಕುತ್ತಿತ್ತು.

ಮರುದಿನ ಬೆಳಿಗ್ಗೆ ಆ ಕಲ್ಲಿನ ಮೇಲಿಂದಲೇ ದೊಡ್ಡಪ್ಪನ ಇಂಜಿನ್ನನ್ನು ಮೊದಲ ಸಲ ನೋಡಿದೆ. ಒಂದು ತುದಿಗೆ ಚಿಕ್ಕ ಕೋಣೆಯಂಥ ಕ್ಯಾಬಿನ್, ಅದರ ಮುಂದೆ ಉದ್ದಕ್ಕೆ ಚಾಚಿದ ಮೂತಿ, ಆ ಮೂತಿಯ ಎರಡೂ ಬದಿಗೆ ನಡೆದಾಡಲು ಕಂಬಿ ಹಾಕಿದ ದಾರಿ, ತುದಿಗೆ ಹಳದಿ ಕಪ್ಪು ಪಟ್ಟಿ. ಧಗ್ ಧಗ್ ಎನ್ನುತ್ತ ನಿಧಾನ ಬಂದು, ನಿಂತಿದ್ದ ಡಬ್ಬಿಗಳಿಗೆ 'ಢಣ್' ಎಂದು ಮೂತಿ ತಾಗಿಸಿತು. ಆ ಸಪ್ಪಳ ಒಂದು ಡಬ್ಬಿಯಿಂದ ಇನ್ನೊಂದಕ್ಕೆ ಹರಿದು ದೂರದ ಕೊನೆಯ ಡಬ್ಬಿಯವರೆಗೂ ಹೋಯಿತು. ಕಿಟಕಿಯಲ್ಲಿ ದೊಡ್ಡಪ್ಪ. ತಲೆಗೆ ಕರವಸ್ತ್ರ ಕಟ್ಟಿಕೊಂಡು, ಕೆಳಗೆ ಹಸಿರು ಬಾವುಟ ಹಿಡಿದವನ ಕಡೆಗೇ ಕಣ್ಣಿಟ್ಟು ಕೂತಿದ್ದರು.

ಮಗ್ಗುಲ ಮನೆಯ ಪದ್ಮಾ ನನ್ನ ವಾರಿಗೆಯವಳು. ಆಂಧ್ರದ ಕಡೆಯವರು, ಮನೆಯಲ್ಲಿ ತೆಲುಗು. ಇಂಗ್ಲಿಷ್ ಸಾಲಿಗೆ ಹೋಗುತ್ತಿದ್ದಳು. ಇಂಜಿನ್ನಿನ ಮೈಮೇಲೆ ಬರೆದದ್ದನ್ನು ಅವಳೇ ನನಗೆ ಓದಿ ಹೇಳಿದ್ದು. "ಡಬ್ಲ್ಯೂ ಡಿ ಎಸ್ ಸಿಕ್ಸ್. ಡಬ್ಲ್ಯೂ ಅಂದ್ರೆ ದೊಡ್ಡ ಹಳಿ. ಡಿ ಅಂದ್ರೆ ಡೀಸೆಲ್. ಎಸ್ ಅಂದ್ರೆ ಶಂಟಿಂಗ್."

"ಮುಂಬೈಗೆ ಯಾವಾಗ ಹೋಗತೈತಿ ಅದು?"

ಪದ್ಮಾ ನಕ್ಕಳು. "ಅದು ಮುಂಬೈಗೆ ಹೋಗಲ್ಲ. ಯಾವ ಊರಿಗೂ ಹೋಗಲ್ಲ. ನಿಮ್ಮ ದೊಡ್ಡಪ್ಪ ಶಂಟರ್. ಡಬ್ಬಿ ತಂದು ಕೊಡ್ತಾರೆ, ಡಬ್ಬಿ ಒಯ್ದು ಇಡ್ತಾರೆ, ಅಷ್ಟೇ."

ಸಂಜೆ ದೊಡ್ಡಪ್ಪ ಬಂದು, ಹಿತ್ತಲಲ್ಲಿ ಸಾಬೂನು ಹಚ್ಚಿ ಕೈ ತಿಕ್ಕಿಕೊಳ್ಳುತ್ತಿದ್ದಾಗ ಕೇಳಿದೆ. "ದೊಡ್ಡಪ್ಪಾ, ನಿಮ್ಮ ಇಂಜಿನ್ ಊರಿಗೆ ಹೋಗೂದಿಲ್ಲೇನ್ರಿ?"

"ಇಲ್ಲವ್ವಾ. ಅದರ ಕೆಲಸ ಇಲ್ಲೇ ಯಾರ್ಡಿನಾಗ."

"ಯಾಕ್ರಿ?"

"ಅದನ್ನ ಮಾಡಿದ್ದ ಹಂಗ. ಜೋರಾಗಿ ಓಡೂದಿಲ್ಲ, ಆದ್ರ ಜಗ್ಗೂದು ಅಂದ್ರ ಜಗ್ಗತೈತಿ ನೋಡು." ಆಮೇಲೆ ಒದ್ದೆ ಕೈಯಿಂದಲೇ ಕಲ್ಲಿನ ಮೇಲೆ ಗೆರೆ ಎಳೆದು ತೋರಿಸಿದರು. "ಒಳಗ ಡೀಸೆಲ್ ಮಶೀನು ಐತಿ. ಅದು ಗಾಲಿ ತಿರಗಸೂದಿಲ್ಲ, ಕರೆಂಟ್ ಮಾಡತೈತಿ. ಗಾಲಿ ತಿರಗಸೂದು ಆ ಕರೆಂಟು." ನನಗೆ ತಿಳಿಯಲಿಲ್ಲ. ಆದರೆ ಅವರು ಅಷ್ಟು ಹೊತ್ತು ಕೂತು ಹೇಳಿದ್ದು ಹಿತವಾಯಿತು. ಮುಂಬೈಗೆ ಹೋಗದ ಇಂಜಿನ್ನಿನ ಬಗ್ಗೆ ಆದ ನಿರಾಸೆ ಎರಡು ದಿನದಲ್ಲಿ ಮರೆತುಹೋಯಿತು. ಒಮ್ಮೆ ಅದರಲ್ಲಿ ಕೂಡಿಸಿರಿ ಎಂದು ದಿನಾ ಕಾಡಿದೆ. "ಸಾಹೇಬ್ರು ಬೈತಾರವ್ವಾ" ಎನ್ನುತ್ತಿದ್ದರು.

ಆ ಬೇಸಿಗೆ ಚೆನ್ನಾಗಿತ್ತು. ಅದನ್ನು ಹೇಳಲೇಬೇಕು. ಮಾವಿನಹಣ್ಣಿನ ಶೀಕರಣಿಗೆ ದೊಡ್ಡವ್ವ ಯಾಲಕ್ಕಿ ಕುಟ್ಟಿ ಹಾಕುತ್ತಿದ್ದಳು. ಸಂಜೆಗೆ ಗಿರಮಿಟ್ಟು, ಮೇಲೆ ಹಸಿ ಉಳ್ಳಾಗಡ್ಡಿ. ಬೇವಿನ ನೆರಳಲ್ಲಿ ಪದ್ಮಾನ ಜೊತೆ ಗಜಗದ ಆಟ. ಡಬ್ಬಿಗಳು ತಾಗುವ ಸಪ್ಪಳಕ್ಕೆ ಪಾತ್ರೆಗಳು ಸಣ್ಣಗೆ ಝಣ್ ಎನ್ನುತ್ತಿದ್ದವು. ಎಂಟು ದಿನದಲ್ಲಿ ಅದು ಕಿವಿಗೆ ಬೀಳುವುದೇ ನಿಂತಿತು. ದೊಡ್ಡವ್ವ ನನ್ನ ತಲೆಗೆ ಎಣ್ಣೆ ಹಚ್ಚುವಾಗ ಅವ್ವನ ಬಾಲ್ಯದ ಕತೆ ಹೇಳುತ್ತಿದ್ದಳು. ಅವ್ವ ಸಣ್ಣವಳಿದ್ದಾಗ ಮಣ್ಣು ತಿನ್ನುತ್ತಿದ್ದದ್ದು, ಮುರಗೋಡದ ಮಠದ ದಾಸೋಹಕ್ಕೆ ಹೋಗಿ ಜನದಲ್ಲಿ ತಪ್ಪಿಸಿಕೊಂಡದ್ದು. ಹೇಳುತ್ತ ಹೇಳುತ್ತ ನನ್ನ ಕೆನ್ನೆ ಸವರಿ, "ಅಕೀ ಮಾರಿನ ಐತಿ ನಿಂದು" ಎನ್ನುತ್ತಿದ್ದಳು.

ಜೂನ್ ಬಂತು. ಮಳೆ ಹನಿಯಿತು. ಸಾಲಿ ಸುರುವಾಗುವ ದಿನ ಬಂದರೂ ಅಪ್ಪ ಬರಲಿಲ್ಲ. ಒಂದು ಮುಂಜಾನೆ ದೊಡ್ಡವ್ವ ನೀಲಿ ಲಂಗ, ಬಿಳಿ ಅಂಗಿ ತಂದು ನನ್ನ ಮುಂದಿಟ್ಟಳು. ಹೊಸದು, ಮಡಿಕೆ ಬಿಚ್ಚಿರಲಿಲ್ಲ. ಹಾಕಿಕೊಂಡು ಕನ್ನಡಿಯಲ್ಲಿ ನೋಡಿಕೊಂಡೆ. ಎಲ್ಲಿಗೆ ಎಂದು ಕೇಳಲೂ ಇಲ್ಲ. ಮೂವರೂ ನಡೆದುಹೋದೆವು.

ಸಾಲಿಯಲ್ಲಿ ಕನ್ನಡಕದ ಟೀಚರ್ ಬಾಯಿಯೊಬ್ಬರು ನನ್ನ ಹೆಸರು ಕೇಳಿದರು. ಗಿರಿಜಾ ಎಂದೆ.

"ತಂದೀ ಹೆಸರು?"

ನಾನು ಬಾಯಿ ತೆರೆಯುವಷ್ಟರಲ್ಲಿ ದೊಡ್ಡವ್ವ ದೊಡ್ಡಪ್ಪನ ಕಡೆ ನೋಡಿದಳು. ದೊಡ್ಡಪ್ಪ ಗಂಟಲು ಸರಿಮಾಡಿಕೊಂಡು, "ಚನಬಸಪ್ಪ ರೀ" ಎಂದರು. ಅದು ಅವರದೇ ಹೆಸರು.

"ಅಲ್ರಿ ಬಾಯಾರ. ನಮ್ಮಪ್ಪನ ಹೆಸರು ಈರಪ್ಪ" ಎಂದೆ ನಾನು.

ಬಾಯಿಯವರು ಮೂವರನ್ನೂ ನೋಡಿದರು. ದೊಡ್ಡಪ್ಪ ನೆಲ ನೋಡುತ್ತಿದ್ದರು. ದೊಡ್ಡವ್ವ ಮೆಲ್ಲಗೆ, "ಹುಡುಗೀಗೆ ಇನ್ನೂ ರೂಢಿ ಆಗಿಲ್ರಿ. ತಂಗೀ ಮಗಳು. ನಾವ ಸಾಕಾಕತ್ತೇವಿ" ಎಂದಳು.

ಮನೆಗೆ ಬಂದೆವು. ಮಧ್ಯಾಹ್ನ ದೊಡ್ಡವ್ವ ತನ್ನ ತಾಟಿನಿಂದ ತುತ್ತು ಮಾಡಿ ನನ್ನ ಬಾಯಿಗಿಟ್ಟಳು. "ಇನ್ನ ಮ್ಯಾಲ ನನಗ ಅವ್ವಾ ಅನ್ನ. ದೊಡ್ಡವ್ವ ಅಂದ್ರೂ ಅವ್ವನ ಅಲ್ಲೇನು? ಬರೇ 'ದೊಡ್ಡ' ಅನ್ನೂದು ಬಿಟ್ರಾತು" ಎಂದಳು. ನಗುತ್ತಲೇ ಹೇಳಿ ಇನ್ನೊಂದು ತುತ್ತು ಕಲಸಿದಳು. ನಾನು ತುತ್ತು ನುಂಗಿದೆ. 'ಅವ್ವಾ' ಅನ್ನಲು ಬರಲಿಲ್ಲ. 'ದೊಡ್ಡವ್ವ' ಅನ್ನಲೂ ಅಂದಿನಿಂದ ಆಗಲಿಲ್ಲ. ಏನಾದರೂ ಬೇಕಿದ್ದರೆ ಅವಳ ಮುಂದೆ ಹೋಗಿ ಸುಮ್ಮನೆ ನಿಲ್ಲುತ್ತಿದ್ದೆ.

ಒಂದು ರವಿವಾರ ಅಪ್ಪ ಬಂದ. ಓಡಿಹೋಗಿ ಕಾಲು ತಬ್ಬಿಕೊಂಡೆ. ತಮ್ಮ ಹುಟ್ಟಿದ್ದಾನೆ ಎಂದು ಹೇಳಿ ಪೇಢೆ ಕೊಟ್ಟ.

"ನಾನೂ ಬರತೇನಪ್ಪಾ. ತಮ್ಮನ್ನ ನೋಡತೇನಿ."

"ಬರೂವಂತಿ. ಇನ್ನೊಂದ ಎಂಟ ದಿನ ತಡಿ."

"ಇವತ್ತ ಬರತೇನಿ."

ಅಪ್ಪ ದೊಡ್ಡಪ್ಪನ ಮುಖ ನೋಡಿದ, ದೊಡ್ಡಪ್ಪ ಬೇವಿನ ಮರ ನೋಡಿದರು. ಊರಲ್ಲಿ ಅಂಗಡಿಯ ಗಲ್ಲೆಯ ಮೇಲೆ ಕೂತು ದೊಡ್ಡದನಿಯಲ್ಲಿ ಮಾತಾಡುವ ಅಪ್ಪ ಆ ದಿನ ಬಂದ ನೆಂಟನ ಹಾಗೆ ಚಾಪೆಯ ತುದಿಗೆ ಕೂತಿದ್ದ. ಊಟವಾದ ಮೇಲೆ ದೊಡ್ಡವ್ವ, ಪದ್ಮಾನ ಮನೆಯಿಂದ ಎರಡು ಎಲೆ ಇಸಿದುಕೊಂಡು ಬಾ ಎಂದಳು. ವೀಳ್ಯದೆಲೆ ಹಿಡಿದುಕೊಂಡು ಬರುವಷ್ಟರಲ್ಲಿ ಅಪ್ಪನ ಚಪ್ಪಲಿ ಬಾಗಿಲಲ್ಲಿರಲಿಲ್ಲ. ಬೀದಿಯ ತುದಿಯವರೆಗೂ ಓಡಿದೆ. ಖಾಲಿ ರಸ್ತೆ, ನಡುವೆ ಮಳೆನೀರು ನಿಂತಿತ್ತು.

ಆಮೇಲೆ ನಾನು ಅಳಲಿಲ್ಲ. ಅತ್ತರೆ ದೊಡ್ಡವ್ವ ತಾನೂ ಅಳುತ್ತಿದ್ದಳು, ಅದನ್ನು ನೋಡಲಾಗುತ್ತಿರಲಿಲ್ಲ. ಬಸ್‌ಸ್ಟ್ಯಾಂಡು ಎಲ್ಲಿದೆಯೋ ಗೊತ್ತಿರಲಿಲ್ಲ, ಆದರೆ ಸ್ಟೇಶನ್ ಮನೆಗೆ ಹತ್ತಿರವಿತ್ತು. ರೈಲು ಧಾರವಾಡದ ಮೇಲೆ ಹೋಗುತ್ತದೆಂದು ಪದ್ಮಾ ಹೇಳಿದ್ದಳು. ಧಾರವಾಡ ಮುಟ್ಟಿದರೆ ಸವದತ್ತಿಯ ಬಸ್ಸು ನನಗೆ ಗೊತ್ತು. ಒಂದು ದಿನ ಮಧ್ಯಾಹ್ನ ಸಾಲಿ ಬಿಟ್ಟವಳು ಮನೆಗೆ ಹೋಗದೆ ಸ್ಟೇಶನ್ನಿಗೆ ಹೋದೆ. ಪ್ಲಾಟ್‌ಫಾರ್ಮಿನಲ್ಲಿ ರೈಲೊಂದು ನಿಂತಿತ್ತು. ಜನ ಇಳಿದು ಹೋಗುತ್ತಿದ್ದರು. ಇಳಿದ ಮೇಲೆ ಹತ್ತುವುದೆಂದು ಕಾದು, ಕೊನೆಯ ಡಬ್ಬಿ ಹತ್ತಿ ಕಿಟಕಿಯ ಪಕ್ಕ ಕೂತೆ. ನನ್ನ ಬಿಟ್ಟು ಯಾರೂ ಹತ್ತಲಿಲ್ಲ. ಸೀಟಿನ ಕೆಳಗೆ ಶೇಂಗಾ ಸಿಪ್ಪೆ, ಬಾಳೆಹಣ್ಣಿನ ವಾಸನೆ. ಸ್ವಲ್ಪ ಹೊತ್ತಿಗೆ 'ಢಣ್' ಎಂದಿತು. ಡಬ್ಬಿ ಅಲುಗಾಡಿ, ಪ್ಲಾಟ್‌ಫಾರ್ಮು ಹಿಂದಕ್ಕೆ ಸರಿಯತೊಡಗಿತು.

ಆಗಿನ ಸಂತೋಷ ನನಗೆ ಇನ್ನೂ ನೆನಪಿದೆ. ಚೀಲವನ್ನು ಎದೆಗೆ ಒತ್ತಿಕೊಂಡು, ತಮ್ಮನನ್ನು ಎತ್ತಿಕೊಳ್ಳುವುದು ಹೇಗೆ ಎಂದು ಯೋಚಿಸುತ್ತಿದ್ದೆ. ಸ್ಟೇಶನ್ ಮುಗಿಯಿತು. ಒಂದು ಕಂಬ, ಇನ್ನೊಂದು ಕಂಬ. ಆಮೇಲೆ ರೈಲು ನಿಂತಿತು. ಮತ್ತೆ ಹೊರಟಿತು, ಆದರೆ ಹಿಂದಕ್ಕೆ. ಇನ್ನೊಂದು ಹಳಿಯ ಮೇಲೆ ಸ್ವಲ್ಪ ದೂರ ಹೋಗಿ ನಿಂತಿತು. ಮತ್ತೆ ಮುಂದಕ್ಕೆ, ಮತ್ತೆ ಹಿಂದಕ್ಕೆ. ಕಿಟಕಿಯಾಚೆ ಉದ್ದನೆಯ ಕಂಪೌಂಡು ಕಂಡಿತು. ಕಂಪೌಂಡಿನ ಮೇಲೆ ಬೇವಿನ ಮರ, ಅದರ ಕೆಳಗೆ ತಂತಿಯ ಮೇಲೆ ದೊಡ್ಡವ್ವನ ಹಸಿರು ಇಲಕಲ್ ಸೀರೆ ಒಣಗುತ್ತಿತ್ತು.

ನಾನು ಎಲ್ಲಿಯೂ ಹೋಗಿರಲಿಲ್ಲ. ಸೀಟಿನ ಮೇಲೆ ಮುದುಡಿ ಮಲಗಿಬಿಟ್ಟೆ. ಇಳಿಯಲೂ ಮನಸ್ಸಾಗಲಿಲ್ಲ, ಕೂಗಲೂ ಇಲ್ಲ.

ಡಬ್ಬಿಗಳ ಕೊಂಡಿ ಬಿಚ್ಚಲು ಬಂದ ರೈಲ್ವೆಯ ಒಬ್ಬಾತ ಕಿಟಕಿಯಲ್ಲಿ ನನ್ನ ಜಡೆ ನೋಡಿ ಬೆಚ್ಚಿದ. ನನ್ನನ್ನು ಗುರುತು ಹಿಡಿದಿರಬೇಕು, ಇಂಜಿನ್ನಿನ ಕಡೆ ತಿರುಗಿ ಕೈಬೀಸಿ ಕೂಗಿದ. ದೂರದಲ್ಲಿ ದೊಡ್ಡಪ್ಪ ಇಳಿಯುವುದು ಕಂಡಿತು. ಜಲ್ಲಿಯ ಮೇಲೆ ಅಷ್ಟು ಡಬ್ಬಿಗಳನ್ನು ದಾಟಿ ಅವರು ನಡೆದು ಬರುವವರೆಗೆ ನಾನು ಬಾಗಿಲಲ್ಲಿ ನಿಂತೇ ಇದ್ದೆ. ಹೊಡೆಯುತ್ತಾರೆ ಅಂದುಕೊಂಡೆ. ಅವರು ಎರಡೂ ಕೈ ಚಾಚಿ ನನ್ನನ್ನು ಇಳಿಸಿಕೊಂಡರು. ಕೆಲಸ ನಡುವಿನಲ್ಲಿತ್ತು, ಬಿಟ್ಟು ಹೋಗುವಂತಿರಲಿಲ್ಲ. ಹಾಗಾಗಿ ನನ್ನನ್ನು ಕರೆದುಕೊಂಡು ಹೋಗಿ ಇಂಜಿನ್ನಿನ ಒಳಗೇ ಕೂಡಿಸಿದರು.

ಇಡೀ ಬೇಸಿಗೆ ಹಂಬಲಿಸಿದ ಜಾಗ ಅದು. ಗಡಿಯಾರದಂಥ ಬಿಲ್ಲೆಗಳು, ಹಿತ್ತಾಳೆಯ ಹಿಡಿಕೆಗಳು, ಕಾಲ ಕೆಳಗೆ ನಡುಗುವ ನೆಲ. ನಾನು ಯಾವುದನ್ನೂ ನೋಡಲಿಲ್ಲ. ಕೆಲಸ ಮುಗಿದು ಇಂಜಿನ್ನು ನಿಂತ ಮೇಲೆ ದೊಡ್ಡಪ್ಪ ತಮ್ಮ ನೀರಿನ ಬಾಟಲಿ ಕೊಟ್ಟರು.

"ಎಲ್ಲಿಗೆ ಹೊಂಟಿದ್ದೆವ್ವಾ?"

"ನಮ್ಮೂರಿಗೆ."

"ದೊಡ್ಡವ್ವ ಬೈದ್ಲೇನು?"

ಇಲ್ಲ ಎಂದು ತಲೆ ಅಲ್ಲಾಡಿಸಿದೆ.

"ನಾ ಬೈದ್ನ್ಯಾ?"

"ಇಲ್ರಿ."

"ಮತ್ತ?"

"ನಮ್ಮವ್ವ ಬೇಕ್ರಿ" ಎಂದೆ. ಅಷ್ಟು ದಿನ ತಡೆದದ್ದೆಲ್ಲ ಆಗ ಬಂತು.

ದೊಡ್ಡಪ್ಪ ಎಣ್ಣೆ ಒರೆಸುವ ಅರಿವೆಯಿಂದಲೇ ಮುಖ ಒರೆಸಿಕೊಂಡರು. ಹಣೆಯ ಮೇಲೆ ಕರಿ ಬರೆ ಮೂಡಿತು. "ನಾ ಮೊದಲ ಹೇಳಿದ್ನಿ ನಿಮ್ಮ ದೊಡ್ಡವ್ವಗ. ದೊಡ್ಡ ಹುಡುಗಿ ಐತಿ, ನಿಂದರೂದಿಲ್ಲ ಅಂತ. ಅಕೀ ಅಳು ನೋಡಿ ಮುಂದ ಏನೂ ಅನ್ನಲಿಕ್ಕಾಗಲಿಲ್ಲ. ಈಗ ನಿನ್ನ ಅಳು ನೋಡಬೇಕು." ಅರಿವೆ ಮಡಚಿಟ್ಟು, "ನಾ ಏನ ಮಾಡ್ಲಿ ಹೇಳು ನನ್ನವ್ವಾ" ಎಂದರು. ದೊಡ್ಡವರು ನನ್ನನ್ನು ಹಾಗೆ ಕೇಳಿದ್ದು ಅದೇ ಮೊದಲು. ನನಗೂ ಗೊತ್ತಿರಲಿಲ್ಲ.

ಅದೇ ವಾರ ಇಬ್ಬರೂ ನನ್ನನ್ನು ರಾಮದುರ್ಗಕ್ಕೆ ಕರೆತಂದರು. ದೊಡ್ಡಪ್ಪ ಮರುದಿನವೇ ಡ್ಯೂಟಿಗೆ ಹೋದರು. ಬಾಣಂತನಕ್ಕೆಂದು ದೊಡ್ಡವ್ವ ಉಳಿದಳು. ನನ್ನ ಮೇಲೆ ಅವಳು ಸಿಟ್ಟಾಗಲಿಲ್ಲ. ಕೂಸಿಗೆ ಎರೆಯುತ್ತಿದ್ದಳು, ಅವ್ವನಿಗೆ ಅಳವಿಪಾಯಸ ಮಾಡುತ್ತಿದ್ದಳು. ಕಾಡುವ ಕಸ್ತೂರಿಯನ್ನು ಯಾವಾಗಲೂ ಸೊಂಟದ ಮೇಲೆ ಕೂಡಿಸಿಕೊಂಡಿರುತ್ತಿದ್ದಳು. ಕೂಸು ಬಂದ ಮೇಲೆ ಅವ್ವನ ಮಗ್ಗುಲು ಕಳೆದುಕೊಂಡಿದ್ದ ಕಸ್ತೂರಿ ದೊಡ್ಡವ್ವನ ಸೆರಗು ಹಿಡಿದು ಮಲಗತೊಡಗಿದಳು. ನಾನು ಬಂದ ಖುಷಿಯಲ್ಲಿ ಇದ್ದೆ. ಅಡುಗೆಮನೆಯಲ್ಲಿ ಅವ್ವ, ದೊಡ್ಡವ್ವ ಮೆಲ್ಲಗೆ ಮಾತಾಡುವುದು, ನಾನು ಹೋದರೆ ನಿಲ್ಲಿಸುವುದು ಕಂಡಿತು. ಏನೆಂದು ಕೇಳಲಿಲ್ಲ.

ದೊಡ್ಡಪ್ಪ ಕರೆಯಲು ಬಂದ ಮುಂಜಾನೆ ಕಸ್ತೂರಿಗೆ ಹೊಸ ಫ್ರಾಕು ಹಾಕಿದ್ದರು. ಅವಳ ಚೀಲವೂ ತಯಾರಿತ್ತು. ಆ ಚೀಲ ನೋಡಿದೊಡನೆ ನನಗೆ ತಿಳಿಯಿತು. ಒಳಗೋಡಿದೆ. ಅವ್ವ ಕತ್ತಲೆ ಕೋಣೆಯಲ್ಲಿ ಕೂಸಿಗೆ ಹಾಲು ಕುಡಿಸುತ್ತಿದ್ದಳು.

"ಅವ್ವಾ, ಕಸ್ತೂರಿನ್ನ ಒಯ್ಯಾಕತ್ತಾರ. ವಾಪಸ್ ಕಳಸೂದಿಲ್ಲಬೇ ಅವ್ರು."

"ಗೊತ್ತೈತಿ."

"ಬ್ಯಾಡ ಅನ್ನ."

ಅವ್ವ ಕೂಸಿನ ತಲೆ ಸವರುತ್ತ ಕೂತಳು. "ಗಿರಿಜಾ, ನನ್ನ ಸಾಕಿದಾಕಿ ನಿಮ್ಮ ದೊಡ್ಡವ್ವ. ಜಲಮದಾಗ ನನ್ನ ಕಡೆ ಏನೂ ಕೇಳಿದಾಕಿ ಅಲ್ಲ. ಇದೊಂದ ಕೇಳ್ಯಾಳ. ಹೆಂಗ ಬ್ಯಾಡ ಅನ್ಲಿ?" ಎಂದಳು. ಬಾಗಿಲಿಗೆ ಬರಲಿಲ್ಲ. ಬಾಣಂತಿ ಹೊರಗೆ ಬರಬಾರದೆಂದು ಎಲ್ಲರೂ ಅಂದುಕೊಂಡರು.

ಬಸ್‌ಸ್ಟ್ಯಾಂಡಿಗೆ ನಾನೂ ದೊಡ್ಡಕ್ಕನೂ ಹೋದೆವು. ಕಸ್ತೂರಿ ದೊಡ್ಡಪ್ಪನ ಹೆಗಲ ಮೇಲಿದ್ದಳು. "ನನ್ನನ್ನ ಇಂಜಿನ್ನಿನಾಗ ಕೂಡಸ್ತೀರೇನ್ರಿ?" ಎಂದು ಅವರ ಕಿವಿ ಜಗ್ಗುತ್ತಿದ್ದಳು. ಅವರು ನನ್ನ ಕಡೆ ನೋಡಿ ಮುಖ ತಿರುಗಿಸಿದರು. ಬಸ್ಸು ಹೊರಡುವಾಗ ಕಿಟಕಿಯ ಕಂಬಿ ಹಿಡಿದು, "ಹೋಗಬ್ಯಾಡ ಕಸ್ತೂರಿ" ಎಂದೆ. ದೊಡ್ಡಕ್ಕ ನನ್ನ ರಟ್ಟೆ ಹಿಡಿದು ಹಿಂದಕ್ಕೆಳೆದಳು. ಕಸ್ತೂರಿ ನಗುತ್ತ ಕೈ ಬೀಸಿದಳು. ತಾನು ಹೋಗುತ್ತಿದ್ದೇನೆ, ನಾನು ಹೋಗುತ್ತಿಲ್ಲ ಎಂಬ ಹೆಮ್ಮೆ ಅವಳ ಮುಖದಲ್ಲಿತ್ತು.

ಮೊದಲ ದಿನಗಳಲ್ಲಿ ಬಹಳ ಅತ್ತಳಂತೆ. ಆಮೇಲೆ ಸುಮ್ಮನಾದಳಂತೆ. ಮರುವರ್ಷ ಪಂಚಮಿಗೆ ಬಂದಾಗ ಬಾಗಿಲಲ್ಲಿ ನಿಂತು ಅವ್ವನನ್ನು 'ಚಿಗವ್ವ' ಎಂದಳು. ಯಾರೋ ಕಲಿಸಿಕೊಟ್ಟಿದ್ದರು. ಅವ್ವ "ಬಾರವ್ವಾ" ಎಂದು ಕೈಗೆ ಉಂಡಿ ಕೊಟ್ಟು, ನೀರು ತರುತ್ತೇನೆಂದು ಹಿತ್ತಲಿಗೆ ಹೋದವಳು ಬಹಳ ಹೊತ್ತು ಒಳಗೆ ಬರಲಿಲ್ಲ.

ಇವತ್ತಿಗೆ ಕಸ್ತೂರಿ ಚೆನ್ನಾಗಿದ್ದಾಳೆ. ಕಲಿತಳು, ಟೀಚರ್ ಆದಳು. ಅವಳ ಮದುವೆಯಲ್ಲಿ ದೊಡ್ಡಪ್ಪ, ದೊಡ್ಡವ್ವ ಧಾರೆ ಎರೆದರು. ಅವ್ವ ಅಪ್ಪ ಮಂದಿಯ ನಡುವೆ ನಿಂತು ಅಕ್ಕಿಕಾಳು ಹಾಕಿದರು. ಅವಳನ್ನು ಹುಬ್ಬಳ್ಳಿಯ ಅವರಿಬ್ಬರೂ ಬೆಳೆಸಿದಷ್ಟು ಚೆಂದ ಅವಳು ನಮ್ಮ ಮನೆಯಲ್ಲಿ ಬೆಳೆಯುತ್ತಿರಲಿಲ್ಲವೇನೋ. ಸಿಟ್ಟಾಗೋಣವೆಂದರೆ ಯಾರೂ ಸಿಗುವುದಿಲ್ಲ. ಹೋದ ವರ್ಷ ಕಸ್ತೂರಿ ಬಂದಾಗ, ನೀನು ಸಣ್ಣವಳಿದ್ದಾಗ ನನ್ನ ಮೇಲೆ ಕಾಲು ಹಾಕಿ ಮಲಗುತ್ತಿದ್ದೆ, ನಿದ್ದೆಯಲ್ಲಿ ನನ್ನ ಹೆಸರು ಕರೆಯುತ್ತಿದ್ದೆ ಎಂದು ಹೇಳಿದೆ. "ಹೌದೇನಕ್ಕಾ? ನನಗೇನೂ ನೆನಪಿಲ್ಲ ನೋಡ್ರಿ" ಎಂದು ನಕ್ಕಳು. ನೆಂಟರ ಮನೆಯಲ್ಲಿ ನಗುವ ಹಾಗೆ, ಮರ್ಯಾದೆಯಿಂದ.

ಅವ್ವನಿಗೆ ಈಗ ವಯಸ್ಸಾಗಿದೆ. ಹೊಸಬರು ಯಾರಾದರೂ "ಮಕ್ಕಳೆಷ್ಟ್ರಿ?" ಎಂದು ಕೇಳಿದರೆ "ಮೂರು" ಎನ್ನುತ್ತಾಳೆ. ಮೊದಮೊದಲು ಆ ಮಾತಿಗೆ ಮುಂಚೆ ಅವಳ ಬಾಯಿ ಒಂದು ಗಳಿಗೆ ತಡೆಯುತ್ತಿತ್ತು. ಆ ತಡೆಯುವಿಕೆಗಾಗಿಯೇ ನಾನು ಕಿವಿಗೊಟ್ಟು ಕೂತಿರುತ್ತಿದ್ದೆ. ಈಗೀಗ ಅದು ಕೇಳಿಸುವುದಿಲ್ಲ.